ಐದನೇ ಎಲೆ

ಹುಣಸೂರು ರಸ್ತೆ, ಟೈರಿನಂಗಡಿಯ ಮೇಲೆ ಎರಡನೇ ಮಹಡಿ.
ಬೋರ್ಡಿನಲ್ಲಿ ಮನರಂಜನಾ ಸಂಸ್ಥೆ ಎಂದಿತ್ತು.
ಮನರಂಜನೆಯನ್ನು ಯಾರ ಮುಖದಲ್ಲೂ ಕಂಡವಳಲ್ಲ ನಾನು.
ನಾಲ್ಕು ವರ್ಷ, ರಾತ್ರಿ ಪಾಳಿ, ಕಪ್ಪು ವೇಸ್ಟ್‌ಕೋಟು,
ಎಲೆ ಹಂಚುವ ಕೆಲಸ.
ಮಳವಳ್ಳಿಯಲ್ಲಿ ಅಪ್ಪನಿಗೆ ಹೇಳಿದ್ದು: ಲೆಕ್ಕ ಬರೆಯುತ್ತೇನೆ.
ಪೂರ್ತಿ ಸುಳ್ಳೇನಲ್ಲ.

ಆಗ ಕುರ್ಚಿಗೂ ಸರದಿ.
ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು,
ಪಿರಿಯಾಪಟ್ಟಣದ ಹೊಗೆಸೊಪ್ಪಿನ ದಲ್ಲಾಳಿ,
ಹಲ್ಲಿನ ಡಾಕ್ಟರು, ಸೈಟು ಮಾರುವ ಇರ್ಷಾದ್,
ಕಾಲೇಜು ತಪ್ಪಿಸಿ ಸಂಭವನೀಯತೆ ಕಲಿಯುವ ಹುಡುಗರು,
ಕಿವಿಗೆ ಹೆಡ್‌ಫೋನು, ನಡುರಾತ್ರಿಯೂ ಕೂಲಿಂಗ್ ಗ್ಲಾಸು.
ಪಾಂಡವಪುರದ ಜವರಾಜಣ್ಣ ಮಾತ್ರ ಪಂಚೆಯಲ್ಲಿ.
ಫ್ಲಾಪು, ಟರ್ನು ಎಲ್ಲ ಬಾಯಿಗೆ ಬರುತ್ತಿತ್ತು ಅವರಿಗೆ,
ರಿವರ್ ಎಂದು ಒಂದು ದಿನವೂ ಅನ್ನಲಿಲ್ಲ.
ಕೊನೆಯ ಎಲೆಗೆ ಮುಂಚೆ ಮೇಜು ಕುಟ್ಟಿ
"ತೂಬೆತ್ತವ್ವ, ಹೊಳೆ ಬುಡು" ಎನ್ನುವರು,
ಕನ್ನಂಬಾಡಿಯ ಕೀಲಿ ನನ್ನ ಕೈಲಿದ್ದ ಹಾಗೆ.
ಬಿಡುತ್ತಿದ್ದೆ. ನೀರು ಹರಿಯುವುದು ಸದಾ
ಪಕ್ಕದವರ ಗದ್ದೆಗೆ.
ಸೋತರೂ ನಗುವರು, ಎದ್ದು ಹೋಗುವಾಗ
ನನ್ನ ಕಡೆಗೊಂದು ನೂರರ ಬಿಲ್ಲೆ ತಳ್ಳುವರು.
ಇಂಥವರಿಗೆ ಹುಡುಗರು ತಮ್ಮೊಳಗೇ ಇಟ್ಟ ಹೆಸರು, ಮೀನು.

ಹೇಗೆ ಮುಗಿಯಿತು ಎಂದರೆ
ಕಾಯ್ದೆ ಅಂತಾರೆ, ಪೊಲೀಸು ಅಂತಾರೆ, ಫೋನಿನ ಆಟ ಅಂತಾರೆ.
ಮೇಜಿನ ನಟ್ಟನಡುವೆ ಕೂತವಳು ನಾನು, ಕೇಳಿ:
ಮೊದಲು ಬರುವುದು ಬಿಟ್ಟದ್ದು ಮೀನುಗಳು.
ಒಂದು ಸೋಮವಾರ ಜವರಾಜಣ್ಣ ಬರಲಿಲ್ಲ.
ಯಾರೂ ಗಮನಿಸಲಿಲ್ಲ, ಕುರ್ಚಿ ತುಂಬಿತ್ತು.
ಆಮೇಲೆ ಡಾಕ್ಟರು. ಆಮೇಲೆ ದಲ್ಲಾಳಿ.
ಉಳಿದವರು ಒಂಬತ್ತು ಜನ ಜಾಣರು,
ಒಬ್ಬರ ಜಾಣತನ ಇನ್ನೊಬ್ಬರಿಗೆ ಬಾಯಿಪಾಠ.
ಎಲೆ ಎತ್ತುವರು, ಇಡುವರು. ಎತ್ತುವರು, ಇಡುವರು.
ಬತ್ತಿದ ಕೆರೆಯಲ್ಲಿ ಒಂಬತ್ತು ಕೊಕ್ಕರೆ
ಒಂದರ ಕಾಲನ್ನು ಇನ್ನೊಂದು ನೋಡುತ್ತ ನಿಂತ ಹಾಗೆ.
ಸುತ್ತುತ್ತಿದ್ದದ್ದು ಅದೇ ದುಡ್ಡು. ಪ್ರತಿ ಸುತ್ತಿಗೂ
ಮನೆಯ ಪಾಲೆಂದು ಒಂದು ಬಿಲ್ಲೆ
ಹುಂಡಿಯಂಥ ಸೀಳಿಗೆ ನಾನು ಹಾಕುತ್ತಿದ್ದೆ.
ಹಾಗೆ ಹಾಕಿ ಹಾಕಿ
ಮುಗಿಸಿದ್ದು ನಾನೇ ಇದ್ದರೂ ಇರಬಹುದು.
ಕಾಯ್ದೆ ಬಂದದ್ದು ತಿಥಿಯೂಟಕ್ಕೆ.

ಮಾಲೀಕ ಮೇಜು ಮಾರಿದ.
ಒಂದು ಒಂಟಿಕೊಪ್ಪಲಿನ ಮೆಸ್ಸಿನಲ್ಲಿದೆ,
ಹಸಿರು ಬಟ್ಟೆ ಕಿತ್ತು ಸನ್‌ಮೈಕ ಬಡಿದಿದ್ದಾರೆ.
ಲೋಟದ ಗುಂಡಿಗಳಲ್ಲಿ ಈಗ ಮಜ್ಜಿಗೆ.
ಬಿಲ್ಲೆಗಳು ಸೈಕಲ್ ಸ್ಟ್ಯಾಂಡಿನ ಟೋಕನ್ನು.
ಐದು ಸಾವಿರದ್ದೊಂದು ವಾಪಸು ಕೊಟ್ಟು
ನನ್ನ ಸ್ಕೂಟಿ ಬಿಡಿಸಿಕೊಂಡೆ ಮೊನ್ನೆ.

ನನಗೀಗ ಅಶೋಕ ರಸ್ತೆಯಲ್ಲಿ ಲಗ್ನಪತ್ರಿಕೆಯ ಅಂಗಡಿ.
ನೂರು ಪತ್ರಿಕೆ ಎಣಿಸಲು ಇಪ್ಪತ್ತು ಸೆಕೆಂಡು.
"ಎಲ್ಲಿ ಕಲಿತೆಯಮ್ಮ?" ಎನ್ನುತ್ತಾರೆ ಶೆಟ್ಟರು.
ಲೆಕ್ಕ ಬರೆಯುತ್ತಿದ್ದೆ, ಎನ್ನುತ್ತೇನೆ.

ಕಳೆದ ಗುರುವಾರ ಜವರಾಜಣ್ಣ ಬಂದರು, ಮಗಳ ಮದುವೆ.
ಅದೇ ಪಂಚೆ. ಜೊತೆಗೆ ಹೆಂಡತಿ.
ನನ್ನ ಗುರುತು ಸಿಕ್ಕಿತೋ ಇಲ್ಲವೋ,
ವೇಸ್ಟ್‌ಕೋಟಿಲ್ಲದೆ ನಾನು ಯಾರೋ.
ಎರಡು ಮಾದರಿ ಮುಂದಿಟ್ಟೆ,
ಬೋರಲಾಗಿ. ಕೈಯ ಚಾಳಿ.
ಅವರೂ ತಿರುಗಿಸಲಿಲ್ಲ.
ಎಡಗೈ ಅಡ್ಡ ಹಿಡಿದು, ಬಲ ಹೆಬ್ಬೆರಳಲ್ಲಿ
ಮೂಲೆಯನ್ನಷ್ಟೆ ಚೂರು ಎತ್ತಿ ಇಣುಕಿದರು.
"ಅದ್ಯಾಕಂಗೆ ಕದ್ದು ನೋಡ್ತಿದ್ದೀರ, ಮದ್ವೆ ಕಾಗ್ದ ತಾನೆ?"
ಎಂದರು ಆಕೆ.
ಎರಡನ್ನೂ ಎರಡು ಬೆರಳಲ್ಲಿ ನನ್ನತ್ತ ತಳ್ಳಿದರು ಜವರಾಜಣ್ಣ,
ಮೇಜನ್ನು ಒಮ್ಮೆ ಕುಟ್ಟಿದರು.

ಬೇರೆ ಐದು ತೆಗೆದೆ.
ನಾಲ್ಕನ್ನು ಮಗುಚಿ ಸಾಲಾಗಿ ಹರಡಿದೆ.
ಐದನೆಯದರ ಮೇಲೆ ಕೈಯಿಟ್ಟು
ಕಾದೆ.