ಕಿತ್ತು ನೋಡುವ ಸಾಲು

ಸಿದ್ಧಾಪುರದ ನರ್ಸರಿ ಗೇಟಿನಲ್ಲಿ ಅಮ್ಮನ ಟೀ ಗಾಡಿ.
ಗೇಟಿನೊಳಗೆ, ಹಸಿರು ಬಲೆಯ ಕೆಳಗೆ, ಅಕ್ಕಯಮ್ಮ.
ಸ್ಕೂಲು ಬಿಟ್ಟ ಮೇಲೆ ನಾನು ಇಬ್ಬರ ನಡುವೆ ಓಡಾಡುವ ಬಕೆಟ್ಟು:
ಸೋಸಿ ಉಳಿದ ಚರಟ ಒಳಗೆ,
ಖಾಲಿ ಗ್ಲಾಸು ಹೊರಗೆ.

ಚರಟ ಕಮಲಿಗೆ.
ಬೋರ್ಡಿನ ಮೇಲೆ ಕ್ಯಾಮೆಲಿಯಾ. ಊಟಿಯಿಂದ ಲಾರಿಯಲ್ಲಿ,
ಬೇರಿಗೆ ಗೋಣಿ ಸುತ್ತಿಕೊಂಡು ಬಂದವಳು.
ಇಳಿದ ದಿನವೇ ಅಕ್ಕಯಮ್ಮನ ನಾಲಿಗೆ ಹೆಸರು ಬದಲಿಸಿತ್ತು.
"ಟೀ ಗಿಡಕ್ಕೆ ಇವಳು ಅಕ್ಕ ಕಣೇ.
ತಂಗಿ ಬೆಂದ ನೀರು ಕುಡಿದ್ರೇನೇ ಇವಳಿಗೆ ತವರು ನೆನಪಾಗೋದು."
ಬೋರ್ ನೀರು ಸೋಕಿದರೆ ಎಲೆಗೆ ಕಾಮಾಲೆ,
ನರ ಮಾತ್ರ ಹಸಿರು.
ಹಾಗಾಗಿ ಅವಳಿಗೆ ಡ್ರಮ್ಮಿನಲ್ಲಿ ಹಿಡಿದ ಮಳೆನೀರು,
ನಮಗೆಲ್ಲ ಟ್ಯಾಂಕರಿನದು.

ಆಷಾಢ ಕಳೆದು ಗಾಳಿ ತಗ್ಗಿದ ಮೇಲೆ ಕಡ್ಡಿ ಕತ್ತರಿಸುವುದು.
ಎಳೆಯದು ಕೊಳೆಯುತ್ತದೆ, ಬಲಿತದ್ದು ಹಟಮಾರಿ.
ಬುಡ ಕಂದಿಗೆ ತಿರುಗಿ ತುದಿ ಇನ್ನೂ ಹಸಿರಿರುವ ಹದಿನೈದೇ ದಿನ,
"ಲಂಗಕ್ಕೆ ದಾವಣಿ ಸೇರೋ ವಯಸ್ಸು" ಎನ್ನುತ್ತಿದ್ದಳು,
ಸವೆದ ಕ್ಷೌರದ ಕತ್ತಿಯನ್ನು ಅಂಗೈಗೆ ಮಸೆಯುತ್ತ.
ಒಂದೊಂದು ಎಲೆಯನ್ನೂ ಅರ್ಧಕ್ಕೆ ಕೊಯ್ಯುತ್ತಿದ್ದಳು,
ಬೇರಿಲ್ಲದವಳಿಗೆ ಬಾಯಾರಿಕೆ ಕಡಿಮೆಯಿರಲಿ ಎಂದು.
ಮರಳು, ತೆಂಗಿನ ನಾರಿನ ಪುಡಿ.
ಮೇಲೆ ತಳ ಕತ್ತರಿಸಿದ ನೀರಿನ ಬಾಟಲಿ;
ಒಳಗೆ ಅದರುಸಿರೇ ಅದಕ್ಕೆ ಮಳೆ.

ಮೂರು ತಿಂಗಳು ಎಂದಿದ್ದಳು.
ನನಗೆ ಮೂರು ದಿನ ಆಗಲಿಲ್ಲ.
ಅವಳು ಊಟಕ್ಕೆ ಕೂತಾಗ ಬಾಟಲಿ ಎತ್ತಿ, ಕಡ್ಡಿ ಕಿತ್ತು, ಬುಡ ನೋಡಿ,
ಏನೂ ಇಲ್ಲ,
ಮತ್ತೆ ಚುಚ್ಚಿ, ಬೆರಳ ಗುರುತು ಸವರಿ, ಲಂಗಕ್ಕೆ ಕೈ ಒರೆಸಿ.
ಮರುದಿನ ಇನ್ನೊಂದು.

ಅವಳಿಗೆ ಗೊತ್ತಾಗಿತ್ತು. ಮರಳಿಗೆ ಬಾಯಿದೆ.
ಬೈಯಲಿಲ್ಲ, ಅಮ್ಮನ ಕಿವಿಗೂ ಹಾಕಲಿಲ್ಲ.
ಮುಂದಿನ ವರ್ಷ ಗೋಡೆ ಬದಿಗೆ ಹನ್ನೆರಡು ಕಡ್ಡಿ ಹೆಚ್ಚಿಗೆ ನೆಟ್ಟು
ಇಟ್ಟಿಗೆ ಚೂರೊಂದನ್ನು ಗಡಿಯಂತೆ ಇಟ್ಟಳು:
"ಇದು ಕಿತ್ತು ನೋಡೋ ಸಾಲು. ನಿಂದು.
ಆ ಕಡೆದು ಬೇರು ಬಿಡೋ ಸಾಲು. ಅದು ಯಾರದೂ ಅಲ್ಲ."

ನನ್ನ ಸಾಲಿನಲ್ಲಿ ಹನ್ನೊಂದು ಕಪ್ಪಾದವು.
ಒಂದು ಮಾತ್ರ,
ನಾನು ಜ್ವರ ಬಂದು ಮಲಗಿದ್ದ ತಿಂಗಳಿನಲ್ಲಿ,
ಬುಡಕ್ಕೆ ಅನ್ನದಗುಳಿನಂಥ ಬಿಳಿ ಗಂಟು ಕಟ್ಟಿಕೊಂಡಿತ್ತು.
ಯಾರಿಗೂ ಹೇಳಲಿಲ್ಲ.
ಮತ್ತೆ ಕೀಳಲೂ ಇಲ್ಲ.

ಆ ಕಡ್ಡಿಯ ಮಗಳ ಮಗಳು ಈಗ ಕತ್ತರಿಗುಪ್ಪೆಯಲ್ಲಿ,
ಮೂರನೇ ಮಹಡಿಯ ಬಾಲ್ಕನಿಯಲ್ಲಿ, ಪೂರ್ವಕ್ಕೆ ಬೆನ್ನು ಮಾಡಿ
(ಇಬ್ಬನಿ ಕೂತ ಮೊಗ್ಗಿಗೆ ಎಳೆಬಿಸಿಲೂ ಬೆಂಕಿಯೇ).
ಏಳು ವರ್ಷ ಬರೀ ಎಲೆ. ಎಣ್ಣೆ ಹಚ್ಚಿ ತಲೆ ಬಾಚಿದಂಥ ಎಲೆ.
ಅವಳು ಅರಳಲು ಚಳಿ ಬೇಕು.
ನಮ್ಮೂರ ಚಳಿಯೋ, ಈಚೆಗೆ ಬೀಗರ ಮನೆಗೆ ಬಂದವರ ಹಾಗೆ,
ಕುರ್ಚಿಯ ತುದಿಯಲ್ಲಿ ಕೂತು, ನೀರು ಕುಡಿದು, ಎದ್ದುಬಿಡುತ್ತದೆ.

ಈ ಧನುರ್ಮಾಸ ಮಾತ್ರ ಎರಡು ವಾರ ನಿಂತಿತು.
ಹಾಲಿನ ಹುಡುಗ ಮಂಕಿ ಕ್ಯಾಪಿನಲ್ಲಿ ಬಂದ; ಗುರುತೇ ಸಿಗಲಿಲ್ಲ.
ಮಳೆಗಾಲದಿಂದಲೂ ಹೆಸರುಕಾಳಿನಷ್ಟೇ ಇದ್ದ ಮೊಗ್ಗು
ನಿನ್ನೆ ನೋಡಿದರೆ ಹುಣಸೆಬೀಜದಷ್ಟು.
ಪದರದ ಮೇಲೆ ಪದರ ಹೊದ್ದಿದೆ,
ತುದಿಯಲ್ಲಿ ಒಂದು ಗೀರು. ಕೆಂಪೋ, ಗುಲಾಬಿಯೋ,
ಅಥವಾ ಉದುರುವ ಮುಂಚಿನ ಕಂದೋ.

ಒಂದೇ ಒಂದು ಸಿಪ್ಪೆ ಬಿಡಿಸಿದರೆ ಗೊತ್ತಾಗುತ್ತದೆ.

ಐವತ್ತಾರು ನನಗೆ. ಉಗುರು ಅಲ್ಲಿಯವರೆಗೂ ಹೋಗಿತ್ತು.

ಒಳಗೆ ಬಂದು ಟೀಗೆ ನೀರಿಟ್ಟೆ.
ಕುಡಿಯುವ ಮನಸ್ಸೇನೂ ಇರಲಿಲ್ಲ.
ಚರಟ ಬೇಕಿತ್ತು.