ಅದ್-ದೂರ್, ಬಸ್ಸು ನಂಬರ್ ಹದಿನಾಲ್ಕು

ಉಮ್ಮುಲ್ ಕುವೈನ್ ದಾಟಿದ ಮೇಲೆ ಒಂದು ತಂತಿಬೇಲಿ, ಗೇಟು.
ಮಕ್ಕಳನ್ನು ಇಳಿಸಿ ಎಣಿಸಿದೆ: ಮೂವತ್ತೊಂದು.
ಸೂರ್ಯದೇವರ ಗುಡಿ ಅಂದರೆ ಆಳೆತ್ತರದ ನಾಲ್ಕು ಗೋಡೆ,
ಮೂಲೆಯಲ್ಲಿ ಯಾರೋ ಬಿಟ್ಟುಹೋದ ಲಬನ್ ಬಾಟಲಿ.

"ಇದು ರೋಮನ್ನರ ಊರಲ್ಲ," ಅಂದರು ಹಿಲ್ಡಾ ಟೀಚರ್,
"ಅವರ ಗಾಜು ಬಂತು, ನಾಣ್ಯ ಬಂತು, ಅವರು ಬರಲಿಲ್ಲ.
ಬಂದಿದ್ದರೆ ಕಾಲೊನಿ ಕಟ್ಟುತ್ತಿದ್ದರೋ ಏನೋ."

ಕಾಲೊನಿ ನನಗೆ ಗೊತ್ತು.
ಬಜಪೆಯಲ್ಲಿ ತಂಗಿ ಇರುವುದು ಒಂದರಲ್ಲಿ,
ಇಲ್ಲಿ ಕೋಣೆಗೆ ಎಂಟು ಜನ ನಾವಿರುವುದೂ ಒಂದರಲ್ಲಿ.
ಟೀಚರ್ ಹೇಳಿದ್ದು ಬೇರೆ:
ಇಪ್ಪತ್ತೈದು ವರ್ಷ ಕತ್ತಿ ಹಿಡಿದವನು
ಬರಿಗೈಯಲ್ಲಿ ರೋಮಿಗೆ ಮರಳಿದರೆ ಅಪಾಯ.
ಗಡಿಯಲ್ಲಿ ಹೊಲ ಅಳೆದು ಕೊಡು, ನೇಗಿಲು ಕೊಡು,
ಅಲ್ಲೇ ಮದುವೆ, ಅಲ್ಲೇ ಮಕ್ಕಳು, ಅಲ್ಲೇ ಕಾವಲು.
ಆ ಪದದ ಬೇರಿನಲ್ಲೇ ಉಳುಮೆ ಇದೆಯಂತೆ.

ಸ್ಟಿಯರಿಂಗಿಗೆ ಒರಗಿ ಲೆಕ್ಕ ಹಾಕಿದೆ.
ನನ್ನದು ಇಪ್ಪತ್ತಮೂರು.
ಮುಗಿದ ದಿನ, ವರ್ಷಕ್ಕಿಷ್ಟು ಎಂದು ಹಣ,
ಮಂಗಳೂರಿಗೆ ಒಂದು ಟಿಕೆಟ್, ಮೂವತ್ತು ಕಿಲೋ.
ಅವನಿಗೆ ಹೊಲ ಕೊಟ್ಟದ್ದು ಅಂಜಿಕೆ.
ನನಗೆ ಯಾರು ಅಂಜುತ್ತಾರೆ?
ಕೈಯಲ್ಲಿರುವುದು ಬಸ್ಸಿನ ಕೀಲಿ,
ಸಂಜೆಗೆ ಅದನ್ನೂ ಆಫೀಸಿನ ಮೊಳೆಗೆ ಸಿಕ್ಕಿಸಬೇಕು.

ಹೊರಡುವಾಗ ಸಣ್ಣವಳೊಬ್ಬಳು, ಅಯ್ರಾ,
ಮುಷ್ಟಿ ಬಿಚ್ಚಿದಳು: ಉಗುರಿನಷ್ಟು ಹಸಿರು ಗಾಜು.
"ರೋಮನ್ನಾ, ಅಂಕಲ್?"
ಸೋಡಾ ಬಾಟಲಿಯದೂ ಇರಬಹುದು.
ಬಿಸಿಲಿಗೆ ಹಿಡಿದು ನೋಡಿದೆ, ಹೇಳಲಾಗಲಿಲ್ಲ.
"ಬೇಲಿಯೊಳಗಿನದು ಬೇಲಿಯೊಳಗೇ ಇರಲಿ ಮಗಾ" ಎಂದು
ಮರಳಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದೆ.

ಬಸ್ಸು ಹತ್ತಿ ಮತ್ತೆ ಎಣಿಸಿದೆ: ಮೂವತ್ತು.
ಅಯ್ರಾ ಅಲ್ಲೇ, ಒತ್ತಿದ ಜಾಗ ನೋಡುತ್ತ ನಿಂತಿದ್ದಳು.