ಹೆಬ್ಬೆರಳು

ಭಟ್ಟಿಯ ಹೊಗೆ
ಭಾನುವಾರದ ಸೀರೆಯನ್ನೂ ಬಿಟ್ಟಿಲ್ಲ.
ಮೂರನೇ ಬೆಂಚಿನಲ್ಲಿ ಮಂಡಿಯೂರಿದರೆ
ಪಕ್ಕದ ಯೂನೀಸ್ ಟೀಚರು
ಮೂಗಿಗೆ ಕರ್ಚೀಫು ತರುತ್ತಾರೆ.
ತರಲಿ.

ಪಾದ್ರಿಗಳು ಕೊಟ್ಟ ಪುಟ್ಟ ಬಟ್ಟಲು
ಹಿಡಿದದ್ದು ಈ ಹೆಬ್ಬೆರಳೇ.
ಸೋಮವಾರ ಬೆಳಿಗ್ಗೆ ಸೇರಿನೊಳಗೆ
ತಾನಾಗಿ ಇಳಿಯುವುದೂ ಇದೇ.
ನಾನು ಕಲಿಸಿದ್ದಲ್ಲ,
ಅತ್ತೆಯ ಕೈಯಿಂದ ಬಂದದ್ದು,
ಅತ್ತೆಗೆ ಯಾರಿಂದಲೋ.
ಸೇರಿಗೆ ಹತ್ತಿಪ್ಪತ್ತು ಕಾಳು ಮಂಡಕ್ಕಿ,
ಊದಿದರೆ ಹಾರುವಂಥದು.
"ಇಷ್ಟಕ್ಕೆಲ್ಲ ಪಾಪ ಅಂತಾರೇನೇ, ಸುಗುಣಮ್ಮ?"
ಅನ್ನುತ್ತಿದ್ದರು.

ನಲವತ್ತು ದಿನದ ಉಪವಾಸಕ್ಕೆ
ಮಾಂಸ ಬಿಟ್ಟೆ, ಚಹಾ ಬಿಟ್ಟೆ,
ಬೆರಳು ಬಿಡಲಿಲ್ಲ.
ಚಿಂದಿ ಸುತ್ತಿ ನೋಡಿದೆ.
"ಗಾಯ ಆತೇನಕ್ಕ?" ಅಂದಳು ಗಿರಾಕಿ ಹುಡುಗಿ.
ಹೂಂ ಅಂದೆ.
ಅದೊಂದು ಸುಳ್ಳು ಬೇರೆ.

ಸಂಜೆಯಾದರೆ ಅರ್ಧ ದಾವಣಗೆರೆ
ಮೆಣಸಿನಕಾಯಿ ಜೊತೆ ನೆಂಚುವುದು
ನಾನು ಜರಡಿ ಹಿಡಿದದ್ದನ್ನೇ.
ಇಪ್ಪತ್ತು ವರ್ಷ ಮರಳು ಸೋಸಿದರೂ
ಯಾರದೋ ಹಲ್ಲಿಗೆ ಒಂದು ಹರಳು
ಸಿಕ್ಕೇ ಸಿಗುತ್ತದೆ.
ಹಾಗಂತ ಜರಡಿ ಎಸೆದವರಿಲ್ಲ.

ಇವತ್ತು ಆರನೇ ಸೇರಿಗೆ
ನೆನಪಾಗಿ ಬೆರಳು ಹೊರಗೆಳೆದೆ.
ಅಷ್ಟಗಲ ಜಾಗಕ್ಕೆ ಮಂಡಕ್ಕಿ
ಸರಸರ ಜಾರಿ ಕೂತಿತು.
ಗಿರಾಕಿ ನೋಡಲೇ ಇಲ್ಲ;
ಚೀಲ ಒಡ್ಡಿದ್ದ, ಕಣ್ಣು
ಹರಪನಹಳ್ಳಿ ಬಸ್ಸಿನ ಕಡೆ.

ಏಳನೆಯದಕ್ಕೆ
ಮರೆತೆ.

ಎಂಟಕ್ಕೆ ಮತ್ತೆ ನೋಡುತ್ತಿದ್ದೇನೆ:
ಸೇರಿನ ಅಂಚಿನ ಮೇಲೆ
ಮಸಿ ಹಿಡಿದ ಒಂದು ಬೆರಳು,
ಒಳಗೋ
ಹೊರಗೋ.